ಥ್ಯಾಂಕ್ಯೂ ಆದಮೇಲಿನ ಮೂವತ್ತು ಸೆಕೆಂಡು

ಅತೀಯಾಳ ವಿಷಯ ಹೇಳಬೇಕಾದರೆ ಅವಳ ಬಲಗಾಲಿನಿಂದ ಶುರು ಮಾಡಬೇಕು. ಊಟಕ್ಕೆ ಕೂತಾಗಲೂ ಆ ಕಾಲು ನೆಲವನ್ನು ಒತ್ತುತ್ತ, ಬಿಡುತ್ತ ಇರುತ್ತಿತ್ತು. ನಮ್ಮ ಕೆಲಸ ಕಲಿಸಿದ ಚಾಳಿ ಅದು. ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿ ಬಾಯಲ್ಲಿ ಹೇಳಿದ್ದನ್ನು ನಾವು ಶೆಟ್ಟಿಹಳ್ಳಿಯ ಮನೆಯಲ್ಲಿ ಕೂತು ಟೈಪ್ ಮಾಡಬೇಕು. ಮೇಜಿನ ಕೆಳಗೆ ಹೊಲಿಗೆ ಮಿಷನ್ನಿನದರಂಥ ಒಂದು ಪೆಡಲು. ಒತ್ತಿದರೆ ದನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅರವತ್ತೈದು ಅಕ್ಷರಕ್ಕೆ ಒಂದು ಸಾಲು, ಸಾಲಿಗೆ ತೊಂಬತ್ತು ಪೈಸೆ. ‘ಮನೇಲೇ ಕೂತ್ಕೊಂಡು ಕಂಪ್ಯೂಟರ್ ಕೆಲ್ಸ, ಪುಣ್ಯ ಮಾಡಿದ್ರಿ’ ಎನ್ನುತ್ತಿದ್ದರು ಬೀದಿಯವರು. ಪುಣ್ಯವಂತೆ, ಪುಣ್ಯ. ಕರೆಂಟು ಹೋದರೆ ಆ ದಿನದ ದುಡಿಮೆಯೂ ಹೋಗುತ್ತಿತ್ತು.

ನಾನು ಸರಳಾ. ಮಹಡಿ ಮೇಲಿನ ಮನೆ ನನ್ನದು, ಕೆಳಗಿನ ಬಾಡಿಗೆ ಮನೆ ಅತೀಯಾಳದು. 2009ರಲ್ಲಿ ಇಬ್ಬರೂ ಯಶವಂತಪುರದಲ್ಲಿ ಮೂರು ತಿಂಗಳು ಈ ಕೆಲಸ ಕಲಿತು ಒಟ್ಟಿಗೇ ಸೇರಿದ್ದೆವು. ಅವಳ ಗಂಡ ವಹಾಬ್ ಟೆಂಪೋ ಓಡಿಸುತ್ತಿದ್ದ. ಅತ್ತೆ ಅಕ್ಬರಿ ಕಾಲುನೋವಿನಿಂದ ಮನೆಯಲ್ಲೇ ಇರುತ್ತಿದ್ದರು. ಅತೀಯಾ ಬೆಳಗಿನ ನಮಾಜು ಮುಗಿಸಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಮಧ್ಯಾಹ್ನ ಎರಡಕ್ಕೇ ಏಳುವುದು. ಕಿವಿ ಎಷ್ಟು ಚುರುಕೆಂದರೆ ವರ್ಷದೊಳಗೆ ಅವಳ ಫೈಲುಗಳನ್ನು ಮತ್ತೊಬ್ಬರು ನೋಡುವುದೇ ಬೇಡ, ನೇರ ಆಸ್ಪತ್ರೆಗೆ ಹೋಗಲಿ ಎಂದು ಕಂಪನಿ ಬಿಟ್ಟುಬಿಟ್ಟಿತು. ಅದಕ್ಕೆ ಸಾಲಿಗೆ ಹತ್ತು ಪೈಸೆ ಜಾಸ್ತಿ. ನನಗೆ ಹೊಟ್ಟೆಕಿಚ್ಚು ಬಂದಿತ್ತು, ಸುಳ್ಳೇಕೆ ಹೇಳಲಿ.

2010ರ ರಂಜಾನ್ ತಿಂಗಳು. ಉಪವಾಸದಲ್ಲೇ ಕೆಲಸಕ್ಕೆ ಕೂತಿದ್ದಳು. ಪಿತ್ತಕೋಶದ ಆಪರೇಷನ್ನಿಗೆ ಬಂದಿದ್ದ ಅರವತ್ತೆಂಟು ವರ್ಷದ ಹೆಂಗಸೊಬ್ಬಳ ಫೈಲು ಬಂತು. ಹೆಸರು ಹೇಳಲಾರೆ, ರೋಗಿಯ ಹೆಸರು ಹೊರಗೆ ಹೇಳುವುದಿಲ್ಲವೆಂದು ಸಹಿ ಹಾಕಿ ಕೊಟ್ಟವರು ನಾವು. ಅಜ್ಜಿ ಎನ್ನುತ್ತೇನೆ. ರಿಪೋರ್ಟಿನ ಅಚ್ಚು ಮೊದಲೇ ತಯಾರಿರುತ್ತದೆ. ‘ಔಷಧಿ ಅಲರ್ಜಿ’ ಎಂಬ ತಲೆಬರಹದ ಮುಂದೆ ‘ಇಲ್ಲ’ ಎಂದು ತಾನಾಗಿ ಬೀಳುತ್ತದೆ. ಡಾಕ್ಟರು ಬೇರೆ ಹೇಳಿದರೆ ಮಾತ್ರ ನಾವು ತಿದ್ದಬೇಕು. ಡಾಕ್ಟರು ‘ಥ್ಯಾಂಕ್ಯೂ’ ಅಂದರೆ ಫೈಲು ಮುಗಿಯಿತು. ಆಮೇಲೆ ಬರುವುದೆಲ್ಲ ಬೀಗದ ಕೈ ಸದ್ದು, ಬಾಗಿಲ ಸದ್ದು. ಹಾಗಾಗಿ ಥ್ಯಾಂಕ್ಯೂ ಕಿವಿಗೆ ಬಿದ್ದ ಕೂಡಲೇ ಕಾಲು ಪೆಡಲಿನಿಂದ ಏಳುತ್ತದೆ, ಕೈ ಫೈಲನ್ನು ಕಳಿಸಿಬಿಡುತ್ತದೆ. ನಾವೆಲ್ಲ ಹಾಗೇ ಮಾಡುತ್ತಿದ್ದೆವು, ಅವಳೊಬ್ಬಳೇ ಅಲ್ಲ.

ಮಧ್ಯಾಹ್ನ ಅಂದಿನ ಸಾಲು ಲೆಕ್ಕ ಹಾಕುವಾಗ ಅವಳಿಗೆ ಕಂಡಿದ್ದು: ದನಿ ಇದ್ದದ್ದು ಐದು ನಿಮಿಷ ಹತ್ತು ಸೆಕೆಂಡು, ಅವಳು ಕೇಳಿದ್ದು ನಾಲ್ಕು ನಲವತ್ತು. ಉಳಿದದ್ದನ್ನು ಹಾಕಿ ಕೇಳಿದಳು. ಥ್ಯಾಂಕ್ಯೂ ಅಂದಮೇಲೆ ಡಾಕ್ಟರಿಗೆ ಏನೋ ನೆನಪಾಗಿತ್ತು. ‘ಅಂದಹಾಗೆ, ಇನ್ನೊಂದು ವಿಷಯ. ಈಕೆಗೆ ಪೆನಿಸಿಲಿನ್ ಆಗುವುದಿಲ್ಲ. ಹಿಂದೊಮ್ಮೆ ಗಂಟಲು ಊದಿ ಸಾಯುವ ಹಾಗಾಗಿತ್ತು.’

ಅತೀಯಾ ಮೆಟ್ಟಿಲು ಹತ್ತಿ ಬಂದಳು. ತುಟಿ ಒಣಗಿತ್ತು.

‘ಈಗ್ಲೇ ತಿದ್ದಿಸ್ಬೇಕು ಸರಳಕ್ಕ. ನಾಳೆನೇ ಅವರ ಆಪರೇಷನ್ನು.’

ಒಮ್ಮೆ ಹೋದ ಫೈಲನ್ನು ನಾವು ಮುಟ್ಟುವ ಹಾಗಿಲ್ಲ. ತಂಡದ ಲೀಡರು ಆಸ್ಪತ್ರೆಗೆ ಮೇಲ್ ಬರೆಯಬೇಕು. ಆ ಲೀಡರು ನಾನೇ. ಲೀಡರಾಗಿ ಮೂರು ವಾರವಾಗಿತ್ತು.

‘ಕಳಿಸ್ತೀನಿ, ನೀನ್ ಹೋಗಿ ಇಫ್ತಾರಿಗೆ ನೋಡ್ಕೋ’ ಅಂದೆ.

ಕಳಿಸಲಿಲ್ಲ. ಜೀವಕ್ಕೆ ಅಪಾಯ ತರುವ ತಪ್ಪು ಒಂದೇ ಒಂದು ದಾಖಲಾದರೂ ಇಡೀ ತಂಡದ ಆ ತಿಂಗಳ ಇನ್‌ಸೆಂಟಿವ್ ಹೋಗುತ್ತಿತ್ತು. ನನ್ನ ಲೀಡರ್‌ಗಿರಿಯೂ ಉಳಿಯುತ್ತಿರಲಿಲ್ಲ. ಅವಳ ಹತ್ತು ಪೈಸೆಯೂ ಹೋಗುತ್ತದಲ್ಲ, ಕಳಿಸದಿದ್ದರೆ ಅವಳಿಗೂ ಒಳ್ಳೇದೇ ಅಂದುಕೊಂಡೆ. ಸಹಿ ಹಾಕುವ ಮುಂಚೆ ಡಾಕ್ಟರು ಓದೇ ಓದ್ತಾರೆ ಅಂದುಕೊಂಡೆ. ಅವರು ಓದುವುದಿಲ್ಲ ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿತ್ತು. ಮಾರನೆ ದಿನ ಅತೀಯಾ ಕೇಳಿದಾಗ ‘ಸರಿಮಾಡಿದಾರಂತೆ ಕಣೇ’ ಅಂದೆ. ಬಾಯಿ ಒಂಚೂರೂ ತಡವರಿಸಲಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅವಳಿಗೆ ಮುಗಿಯಲಿಲ್ಲ.

‘ಮೇಲ್ ಅವರು ನೋಡೋಷ್ಟ್ರಲ್ಲಿ ಇಂಜೆಕ್ಷನ್ ಕೊಟ್ಬಿಟ್ಟಿದ್ರೆ?’ ಇದೊಂದೇ ಪ್ರಶ್ನೆ. ಅಜ್ಜಿ ಬದುಕಿದೆಯೋ ಇಲ್ಲವೋ ತಿಳಿಯಲು ಒಂದೇ ದಾರಿ: ಆ ಹೆಸರು ಮತ್ತೆ ಯಾವತ್ತಾದರೂ ಅವಳ ಫೈಲಿನಲ್ಲಿ ಬರಬೇಕು. ದಿನಾ ಬೆಳಿಗ್ಗೆ ಮೊದಲು ಹೆಸರುಗಳ ಪಟ್ಟಿ ನೋಡುತ್ತಿದ್ದಳು. ಈರುಳ್ಳಿ ಹುರಿಯುವಾಗ ತಟ್ಟನೆ ತಲೆ ಎತ್ತಿ ‘ಯಾರೋ ಮಾತಾಡಿದ್ರಲ್ವಾ?’ ಎನ್ನುತ್ತಿದ್ದಳು. ಒಲೆ ಮೇಲಿನದು ಸೀಯುತ್ತಿದ್ದರೂ ಆ ಡಾಕ್ಟರ ದನಿಗೆ ಕಿವಿಗೊಟ್ಟು ನಿಂತಿರುತ್ತಿದ್ದಳು. ಅಕ್ಬರಿ ಅವಳನ್ನು ದರ್ಗಾಕ್ಕೆ ಕರೆದೊಯ್ದು ತೋಳಿಗೆ ತಾಯತ ಕಟ್ಟಿಸಿದರು.

‘ಇವ್ಳ್ ಕಿವೀಲಿ ಯಾರೋ ಸೇರ್ಕೊಂಡವ್ರೆ ಸರಳಾ’ ಅಂದರು ನನಗೆ. ‘ನಮಾಜಲ್ಲಿ ಯಾವ್ದೋ ಮುದುಕಿಗ್ ದುವಾ ಕೇಳ್ತಾಳೆ. ನನ್ ಕಾಲಿಗ್ ಒಂದಿನ ಕೇಳ್ಳಿಲ್ಲ.’

ನಾನು ನಕ್ಕೆ. ನಗದೆ ಇನ್ನೇನು ಮಾಡಲಿ?

ಬೇರೆ ಆಸ್ಪತ್ರೆಯ ಕೆಲಸಕ್ಕೆ ಸಾಲಿಗೆ ಒಂದೂಕಾಲು ರೂಪಾಯಿ ಕೊಡುತ್ತೇವೆಂದು ಕಂಪನಿ ಎರಡು ಸಲ ಕರೆಯಿತು. ಎರಡು ಸಲವೂ ಒಲ್ಲೆ ಎಂದಳು. ‘ತಲೆ ಕೆಟ್ಟಿದ್ಯಾ ನಿಂಗೆ?’ ಎಂದು ನಾನು ರೇಗಿದೆ. ಯಾಕೆ ಒಲ್ಲೆ ಎನ್ನುತ್ತಿದ್ದಾಳೆಂದು ಗೊತ್ತಿದ್ದೂ ರೇಗಿದೆ. ಆಮೇಲೆ ಟೈಪ್ ಮಾಡಲು ಮಿಷನ್ನೇ ಬಂತು. ಅದು ಬರೆದದ್ದನ್ನು ತಿದ್ದುವುದಷ್ಟೇ ನಮ್ಮ ಕೆಲಸವಾಯಿತು. ಸಾಲಿಗೆ ನಲವತ್ತು ಪೈಸೆ. ಒಬ್ಬೊಬ್ಬರೇ ಬಿಟ್ಟರು. ಅತೀಯಾ ಅರ್ಧ ದುಡ್ಡಿಗೂ ಅದೇ ಕುರ್ಚಿಯಲ್ಲಿ ಕೂತಳು. ಪ್ರತಿ ಫೈಲಿನ ಕೊನೆಯಲ್ಲೂ, ಥ್ಯಾಂಕ್ಯೂ ಆದಮೇಲೆ, ಬಾಗಿಲ ಸದ್ದು ಪೂರ್ತಿ ನಿಲ್ಲುವತನಕ ಪೆಡಲು ಒತ್ತಿಕೊಂಡೇ ಇರುತ್ತಿದ್ದಳು.

ಹೀಗೆ ಏಳು ವರ್ಷ. 2017ರ ಒಂದು ಶುಕ್ರವಾರ ಬೆಳಿಗ್ಗೆ ಬರಿಗಾಲಲ್ಲಿ ಮೇಲೆ ಬಂದಳು. ಕೆನ್ನೆಯೆಲ್ಲ ನೀರು.

‘ಇದಾರೆ ಸರಳಕ್ಕ. ಅಜ್ಜಿ ಇದಾರೆ. ಎಪ್ಪತ್ತೈದು ವರ್ಷ ಈಗ. ಮಂಡಿ ನೋವಂತೆ.’

ನಾನು ಅಡುಗೆಮನೆ ಕಟ್ಟೆ ಹಿಡಿದು ನಿಂತೆ. ದೇವರಾಣೆಗೂ ನನಗೂ ಅಳು ಬಂತು. ಅವಳ ಭುಜದ ಮೇಲೆ ಕೈ ಇಟ್ಟೆ. ಅವಳು ಕೈ ತೆಗೆದಳು. ಆಗ ಅವಳ ಮುಖ ನೋಡಿದೆ.

‘ಅಲರ್ಜಿ ಮುಂದೆ ಇಲ್ಲ ಅಂತಿದೆ. ಮಿಷನ್ನು ಹಳೇ ರಿಪೋರ್ಟಿಂದ ತಂದು ಹಾಕಿದೆ. ನನ್ ರಿಪೋರ್ಟು ಅದು. ಬುಧವಾರ ಅವರ ಮಂಡಿ ಆಪರೇಷನ್ನು.’ ಕೆನ್ನೆ ಒರೆಸಿಕೊಂಡಳು. ‘ನೀವು ಕಳಿಸ್ಲೇ ಇಲ್ಲ.’

ಆಸ್ಪತ್ರೆಯವರೇ ಮರೆತಿರಬೇಕು ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ.

‘ಇಲ್ಲ’ ಅಂದೆ.

ಅವಳು ಕೂಗಾಡಲಿಲ್ಲ. ಕುರ್ಚಿ ಎಳೆದು ಕಂಪ್ಯೂಟರಿನ ಮುಂದೆ ಹಾಕಿದಳು. ‘ಈಗ ಬರೀರಿ’ ಅಂದಳು. ನಾನು ಬರೆದೆ. ಹಿಂದೆ ನಿಂತು ಒಂದೊಂದು ಪದವನ್ನೂ ಓದಿದಳು. ಉತ್ತರ ಬರುವತನಕ ಹೋಗುವುದಿಲ್ಲವೆಂದು ಅಡುಗೆಮನೆ ಸ್ಟೂಲಿನ ಮೇಲೆ ಕೂತಳು. ಎರಡು ಗಂಟೆ. ಕಾಫಿ ಕೊಟ್ಟೆ, ಮುಟ್ಟಲಿಲ್ಲ. ಅವಳ ಕಾಲು ಮಾತ್ರ ಅಲ್ಲಾಡುತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಅದು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅವತ್ತೇ. ಕೊನೆಗೆ ಎರಡು ಸಾಲಿನ ಉತ್ತರ ಬಂತು: ಹಳೆಯದೂ ಹೊಸದೂ ಎರಡೂ ತಿದ್ದಿದ್ದೇವೆ, ಪೆನಿಸಿಲಿನ್ ಕೊಡಬಾರದೆಂದು ಗುರುತು ಹಾಕಿದ್ದೇವೆ. ಅದನ್ನು ಎರಡು ಸಲ ಓದಿ ಎದ್ದಳು.

ಬಾಗಿಲ ಬಳಿ ತಿರುಗಿ ಕೇಳಿದಳು. ‘ಏಳು ವರ್ಷ ನಿಮ್ಗೆ ನಿದ್ದೆ ಬರ್ತಿತ್ತಾ ಸರಳಕ್ಕ?’

‘ಬರ್ತಿತ್ತು’ ಅಂದೆ. ನಿಜವನ್ನೇ ಹೇಳಿದೆ.

ಎರಡೇ ತಿಂಗಳಿಗೆ ಅವರು ಚಿಕ್ಕಬಾಣಾವರಕ್ಕೆ ಮನೆ ಬದಲಾಯಿಸಿದರು. ಅವಳೂ ಆ ಕೆಲಸ ಬಿಟ್ಟು ಈಗ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳಂತೆ. ಅಕ್ಬರಿ ಒಮ್ಮೆ ಸಿಕ್ಕಾಗ ಹೇಳಿದರು, ಒಲೆ ಮೇಲೆ ಏನೂ ಸೀಯುವುದಿಲ್ಲವಂತೆ.

ಆ ಡಾಕ್ಟರ ದನಿಯನ್ನು ನಾನು ಒಮ್ಮೆಯೂ ಕೇಳಿದವಳಲ್ಲ. ಆ ಫೈಲನ್ನು ನಾನು ತೆರೆದೇ ಇರಲಿಲ್ಲ. ಈಗ ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ, ನನ್ನ ಪಕ್ಕದಲ್ಲೇ ನಿಂತವನಂತೆ ‘ಅಂದಹಾಗೆ, ಇನ್ನೊಂದು ವಿಷಯ’ ಎನ್ನುತ್ತಾನೆ. ಪೆಡಲಿನಿಂದ ತೆಗೆಯುವ ಹಾಗೆ ನಾನು ಕಾಲೆತ್ತುತ್ತೇನೆ. ಅವನು ನಿಲ್ಲಿಸುವುದಿಲ್ಲ.