ಕೊತ್ತಗೆರೆ ರಸ್ತೆಯ ಮಾಸ್ತಿಕಲ್ಲು

ಗಿರಿಜಾ, ಕೊತ್ತಗೆರೆ ರಸ್ತೆಯಲ್ಲಿ ನೀನು ಕಂಡದ್ದು ಮಾಸ್ತಿಕಲ್ಲೇ. ನನಗದು ಗೊತ್ತಿತ್ತು. ಗೊತ್ತಿದ್ದೂ ಅಲ್ಲ ಎಂದೆ — ನಿನಗೇನೂ ತಿಳಿಯದೆಂದೂ ಹೇಳಿದೆ.

ತೊಂಬತ್ತರ ದಶಕದ ಕೊನೆ ಅದು. ತುಮಕೂರಿನಲ್ಲಿ ಒಟ್ಟಿಗೆ ಇತಿಹಾಸ ಓದಿದ್ದ ನಮ್ಮಿಬ್ಬರಿಗೂ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಕುಣಿಗಲ್ ಕಡೆಯ ಕೊತ್ತಗೆರೆ ರಸ್ತೆಯನ್ನು ಅಗಲ ಮಾಡುವ ಮೊದಲು ಅದರ ಅಂಚಿನಲ್ಲಿ ಶಾಸನ, ಶಿಲ್ಪ ಏನಾದರೂ ಉಳಿದಿವೆಯೇ ಎಂದು ಹುಡುಕಬೇಕು. ಚೆನ್ನಾಗಿ ಮಾಡಿದವರನ್ನು ಮುಂದಿನ ಸರ್ವೆಗೂ ಕರೆಯುವುದಾಗಿ ಅಧಿಕಾರಿ ಹೇಳಿದ್ದರು.

ಹೊಂಗೆಮರದ ಬುಡದಲ್ಲಿ ಪೊದೆ ಸವರಿ ಕಲ್ಲನ್ನು ಕಂಡವಳು ನೀನು. ಬಳೆ ತೊಟ್ಟ ತೋಳು, ಬೆರಳ ನಡುವೆ ನಿಂಬೆಹಣ್ಣು — ಗಂಡನ ಚಿತೆಯೇರಿದವಳ ಗುರುತು. ಕುಡಿಯುವ ನೀರನ್ನೇ ಸುರಿದು ಉಜ್ಜಿ, ಕೆಳಗಿನ ಅಕ್ಷರಗಳನ್ನು ಕೂಡಿಸಿ "ಮಾರವ್ವೆ" ಎಂದು ಓದಿದೆ.

"ನೋಡೋ, ಇವ್ಳಿಗೆ ಹೆಸ್ರಿದೆ ಕಣೋ."

ಅಂಥ ಸಂತೋಷವನ್ನು ನಿನ್ನ ಮುಖದಲ್ಲಿ ನಾನು ಆಮೇಲೆ — ನೋಡಲೇ ಇಲ್ಲ.

ಕ್ಯಾಮೆರಾ ಇದ್ದದ್ದು ಅಧಿಕಾರಿಯ ಬಳಿ. ಅವರು ಮರುದಿನ ಬರುವವರಿದ್ದರು. ಅಷ್ಟರಲ್ಲಿ ನಿನ್ನ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂತು. "ಸಾಹೇಬ್ರಿಗೆ ನೀನೇ ತೋರ್ಸು" ಎಂದು ನನಗೆ ಒಪ್ಪಿಸಿ ಬಸ್ಸು ಹತ್ತಿದೆ.

ಆ ಕಲ್ಲಿನ ಎದುರಿಗೇ ನಮ್ಮ ತೆಂಗಿನ ತೋಟ, ಬಾವಿ. ಕಲ್ಲನ್ನು ಉಳಿಸಿದರೆ ರಸ್ತೆ ನಮ್ಮ ಕಡೆಗೆ ತಿರುಗುತ್ತಿತ್ತು. ಸಂಜೆ ಅಣ್ಣನಿಗೆ ತಿಳಿಸಿದೆ.

"ಎಂದೋ ಸತ್ತೋಳ ಕಲ್ಲಿಗೆ ನಮ್ ಬಾವಿ ಮುಚ್ಚಿಸ್ತೀಯೇನ್ಲಾ? ಸುಮ್ಕೆ ಬುಡು" ಎಂದ.

ತಪ್ಪನ್ನು ಅವನ ಮೇಲೆ ಹೊರಿಸಲಾರೆ. ತೋಟದಲ್ಲಿ ನನ್ನದೂ ಪಾಲಿತ್ತು. ಬೆಳಿಗ್ಗೆ ಅಧಿಕಾರಿ ಜೀಪಿನಿಂದ ಇಳಿಯುವ ಮೊದಲೇ ಹೇಳಿಬಿಟ್ಟೆ — "ಏನೂ ಇಲ್ಲ ಸಾರ್, ಹಳೇ ಗಡಿಕಲ್ಲು. ಗಿರಿಜಾಗೆ ಅನುಭವ ಕಮ್ಮಿ, ಏನೋ ಅಂದ್ಕೊಂಡವ್ಳೆ."

ಅವರು ಇಳಿಯಲೇ ಇಲ್ಲ.

ನೀನು ಹಿಂತಿರುಗುವಷ್ಟರಲ್ಲಿ ಮಾರವ್ವೆ ಒಡೆದು ಚೂರಾಗಿ, ಮೋರಿಯ ಬುನಾದಿ ಸೇರಿದ್ದಳು. ನೀನು ಅಧಿಕಾರಿಯೊಂದಿಗೆ ವಾದಿಸಿದೆ, ಓದಿದ ಹೆಸರನ್ನು ಹೇಳಿದೆ. ಅವರು ನನ್ನತ್ತ ತಿರುಗಿದರು. ಆಗಲಾದರೂ — ಇಲ್ಲ, ನಿನ್ನೆದುರಿಗೇ ಅದೇ ಮಾತನ್ನು ಮತ್ತೆ ಹೇಳಿದೆ. ಅವರು ನಕ್ಕರು. ಜೊತೆಯಲ್ಲಿ ನಾನೂ.

ಮುಂದಿನ ಸರ್ವೆಗೆ ನಿನ್ನನ್ನು ಕರೆಯಲಿಲ್ಲ. ನನ್ನನ್ನು ಕರೆದರು. ನನ್ನ ಕೆಲಸ ಕಾಯಂ ಆಯಿತು; ಮೇಲೆ ಮೇಲೆ ಹೋದೆ. ನೀನು ಮರಳೂರಿನಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿರುವುದಾಗಿ ಯಾರೋ ಅಂದರು.

ಎಷ್ಟೋ ವರ್ಷದ ಮೇಲೆ ತುಮಕೂರಿನ ಬಸ್ ನಿಲ್ದಾಣದಲ್ಲಿ ನೀನು ಎದುರಾದೆ. ಜಗಳವಾಡಲಿಲ್ಲ. "ಅಣ್ಣನ ತೋಟ ಚೆನ್ನಾಗಿದ್ಯಾ?" ಎಂದಷ್ಟೇ ಕೇಳಿದೆ. ಅಂದರೆ ನಿನಗೆ ತಿಳಿದಿತ್ತು — ಯಾವಾಗಿನಿಂದಲೋ, ಯಾರಿಂದಲೋ. "ಚೆನ್ನಾಗಿದೆ" ಎಂದೆ ನಾನು. ನಿಜವನ್ನೇ ಹೇಳಿದ್ದೆ, ಅಷ್ಟು ಹೇಸಿಗೆ ಯಾವ ಸುಳ್ಳಿನಿಂದಲೂ ಆಗಿರಲಿಲ್ಲ.

ಹೋದ ವಾರ ಗುಬ್ಬಿಗೆ ಹೋದೆ. ನಿವೃತ್ತರಾದ ಆ ಅಧಿಕಾರಿ ಈಗ ಅಲ್ಲಿದ್ದಾರೆ. ಕಲ್ಲು, ತೋಟ, ನನ್ನ ಸುಳ್ಳು — ಎಲ್ಲವನ್ನೂ ಹೇಳಿದೆ. ಗಿರಿಜಾ ಓದಿದ್ದು ಸರಿಯಿತ್ತು ಎಂದೆ. ಅವರು ಕೊನೆತನಕ ಕೇಳಿಸಿಕೊಂಡು ಹುಬ್ಬು ಗಂಟಿಕ್ಕಿದರು.

"ಯಾವ ಗಿರಿಜಾ?"

ಯಾರ ಕಣ್ಣಿನಲ್ಲಿ ನಿನ್ನನ್ನು ಕೆಡವಿದೆನೋ ಆ ಮನುಷ್ಯನಿಗೆ ನಿನ್ನ ಹೆಸರೂ ಉಳಿದಿಲ್ಲ. ಏಳಲು ಹೊರಟವನು ಮತ್ತೆ ಕೂತೆ. ನೀನು ಯಾರೆಂದು ಮೊದಲಿನಿಂದ ಹೇಳತೊಡಗಿದೆ.