ನಲವತ್ತೊಂದನೆಯ ಕಡತ

ಅವರ ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು ಎರಡೇ ಪೂರ್ತಿ ಇದ್ದವು. ಉಳಿದ ಮೂರನ್ನು ಹುಡುಗಿಯಾಗಿದ್ದಾಗಲೇ ಎಸ್ಟೇಟಿನಲ್ಲಿ ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಿಷನ್ ತಿಂದುಹಾಕಿತ್ತು. ಆದರೂ ಅವರು ಟೈಪ್ ಮಾಡುವ ವೇಗಕ್ಕೆ ನನ್ನ ಹತ್ತು ಬೆರಳು ಸಾಲುತ್ತಿರಲಿಲ್ಲ. ಮೂಡಿಗೆರೆಯ ನಮ್ಮ ಸಣ್ಣ ಆಸ್ಪತ್ರೆಯ ರೆಕಾರ್ಡ್ ರೂಮು ಅವರದು. ಎಲ್ಲರಿಗೂ ಅವರು ‘ಅಕ್ಕ’.

ಮೂಡಿಗೆರೆಯ ಡಿಸ್ಕಿನಲ್ಲಿರುವ ರೋಗಿಗಳ ಕಡತ, ಎಕ್ಸ್‌ರೇ, ಸ್ಕ್ಯಾನು ಎಲ್ಲವೂ ಕಳಸದ ನಮ್ಮ ಶಾಖೆಯ ಡಿಸ್ಕಿನಲ್ಲೂ ತಾನಾಗಿಯೇ ಮೂಡುವಂತೆ ಮಾಡಿದವರು ಅವರೇ. ಇಲ್ಲಿ ಸೇರಿದ್ದು ಅಲ್ಲೂ ಸೇರುತ್ತಿತ್ತು, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತಿತ್ತು. ಅದಕ್ಕೆ ಮಿರರಿಂಗ್ ಎನ್ನುತ್ತಾರೆ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಫೋನ್ ಲೈನು ಹೋಗುವ ಎರಡು ಊರುಗಳ ನಡುವೆ ಅದನ್ನು ಹೊಂದಿಸಲು ಒಂದು ವರ್ಷ ಒದ್ದಾಡಿದ್ದರು. ಅವರ ಕೈಕೆಳಗಿದ್ದ ನನಗೆ ಕೆಲಸ ಕಲಿಸುವಾಗ ಹೇಳುತ್ತಿದ್ದರು: “ಮೂಲ ಯಾವುದು, ನಕಲು ಯಾವುದು, ಬಾಯಿಬಿಟ್ಟು ಹೇಳು. ಆಮೇಲೆ ಒತ್ತು. ಕನ್ನಡಿಗೆ ಬುದ್ಧಿ ಇಲ್ಲ ಮಾರಾಯ್ತಿ, ಖಾಲಿ ತೋರಿಸಿದ್ರೆ ಅದೂ ಖಾಲಿ ಆಗ್ತದೆ.”

ಒಂದು ಜೂನ್‌ನಲ್ಲಿ ಸಿಡಿಲಿಗೆ ಮೂಡಿಗೆರೆಯ ಡಿಸ್ಕು ಸುಟ್ಟಿತು. ಹೊಸದನ್ನು ಹಾಕಿದೆವು. ಕಳಸದಿಂದ ಎಲ್ಲವನ್ನೂ ಅದಕ್ಕೆ ತುಂಬಿಸಿಕೊಳ್ಳಬೇಕಿತ್ತು. ಅಕ್ಕ ವಾರ್ಡಿಗೆ ಹೋಗಿದ್ದರು. ಬಾಗಿಲಲ್ಲಿ ರೋಗಿಗಳು ಮುಗಿಬಿದ್ದಿದ್ದರು. ಅವಸರದಲ್ಲಿ ನಾನು ಕಳಸದಿಂದ ಮೂಡಿಗೆರೆಗೆ ಎಂದು ದಿಕ್ಕು ಬದಲಿಸದೆ ಒತ್ತಿಬಿಟ್ಟೆ. ಖಾಲಿ ಡಿಸ್ಕೇ ಮೂಲವಾಯಿತು. ಪರದೆಯ ಮೇಲೆ ಕಳಸದ ಕಡತಗಳು ಸಾಲುಸಾಲಾಗಿ ಅಳಿಯತೊಡಗಿದವು. “ಅಕ್ಕಾ!” ಎಂದು ಕಿರುಚಿದ್ದಷ್ಟೇ ನೆನಪು. ಓಡಿಬಂದವರು ಪರದೆ ನೋಡಿ, ನನ್ನನ್ನು ಪಕ್ಕಕ್ಕೆ ತಳ್ಳಿ, ಕೇಬಲ್ಲನ್ನೇ ಕಿತ್ತರು.

ಅಷ್ಟರಲ್ಲಿ ಮುಕ್ಕಾಲು ಹೋಗಿತ್ತು.

“ಅಳಿಸಿದ ಕೂಡ್ಲೇ ಪೂರ್ತಿ ಹೋಗೋದಿಲ್ಲ. ಅದರ ಮೇಲೆ ಹೊಸದು ಬರೀದೆ ಇದ್ರೆ ತೆಗೀಬಹುದು,” ಎಂದು ಅಕ್ಕ, ಹೊಸದೇನೂ ಹಾಕಬೇಡಿ ಎನ್ನಲು ಕಳಸಕ್ಕೆ ಫೋನು ಹಚ್ಚಿದರು. ಸಿಗಲಿಲ್ಲ. ಮತ್ತೆ ಮತ್ತೆ ಹಚ್ಚಿದರು.

“ಡಾಕ್ಟ್ರಿಗೆ ನೀವೇ ಹೇಳಿ ಅಕ್ಕ,” ಎನ್ನುತ್ತ ನಾನು ಅತ್ತುಬಿಟ್ಟೆ.

“ನೀನೇ ಹೇಳ್ಬೇಕು. ನಾನು ಪಕ್ಕದಲ್ಲಿರ್ತೇನೆ.”

ಹೇಳಿದೆ. ಡಾಕ್ಟರು ಬಯ್ಯಲಿಲ್ಲ. “ಫಿಟ್ಸ್ ಬರೋ ಮಕ್ಕಳದ್ದೂ ಹೋಯ್ತಾ?” ಎಂದಷ್ಟೇ ಕೇಳಿದರು. ಬೈದಿದ್ದರೇ ಚೆನ್ನಾಗಿತ್ತು.

ಸಿಕ್ಕ ಬಸ್ಸು ಹತ್ತಿದೆವು. ಕೊಟ್ಟಿಗೆಹಾರ ದಾಟಿದ ಮೇಲೆ ರಸ್ತೆಗೆ ಮರ ಬಿದ್ದಿತ್ತು. ಅಕ್ಕ ಸೀರೆ ಎತ್ತಿಕಟ್ಟಿ ಮರ ಹತ್ತಿ ಇಳಿದು, ಆಚೆ ಬದಿಯಲ್ಲಿ ನಿಂತಿದ್ದ ಜೀಪಿನವನನ್ನು ಬೇಡಿಕೊಂಡರು. ಕಳಸ ತಲುಪಿದಾಗ ಅಲ್ಲಿನ ನರ್ಸು ನಗುತ್ತಲೇ ಹೇಳಿದಳು: “ಕರೆಂಟ್ ಇತ್ತಲ್ಲ ಅಕ್ಕ, ಇವತ್ತು ಎಕ್ಸ್‌ರೇ ಎಲ್ಲ ಕಂಪ್ಯೂಟರಿಗೆ ಹಾಕಿಬಿಟ್ಟೆ.” ಆ ಹೊಸ ಚಿತ್ರಗಳು ಹೋಗಿ ಕೂತದ್ದು ಅಳಿದವುಗಳ ಜಾಗದಲ್ಲೇ. ಅಕ್ಕ ಗೋಡೆಗೊರಗಿ ನೆಲದಲ್ಲಿ ಕುಸಿದರು. ಅವರು ಹಾಗೆ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೂರು ದಿನ ಆ ಡಿಸ್ಕನ್ನು ಕೆದಕಿದೆವು. ಮಕ್ಕಳ ಕಡತಗಳು ಮೊದಲು ಬಂದವು. ಕೊನೆಗೆ ನಲವತ್ತೊಂದು ಏನು ಮಾಡಿದರೂ ಬರಲಿಲ್ಲ. ಅವುಗಳ ಹೆಸರನ್ನು ಅಕ್ಕ ಕಾಗದದಲ್ಲಿ ಬರೆದುಕೊಟ್ಟರು. ಎಣಿಸಿದರೆ ನಲವತ್ತೇ ಇದ್ದವು.

“ಒಂದು ಬಿಟ್ಟುಹೋಗಿದೆ ಅಕ್ಕ.”

“ಅದು ನಂಗೆ ಗೊತ್ತಿರೋ ಕೇಸು. ನಾನು ನೋಡ್ಕೊಳ್ತೇನೆ.”

ನಾನು ಆ ನಲವತ್ತು ಮನೆಗೂ ಹೋದೆ. ಎಸ್ಟೇಟಿನ ಕೂಲಿಯವರ ಲೈನುಮನೆಗಳಲ್ಲಿ, ದೇವರಮನೆ ಬೆಟ್ಟದ ದಾರಿಯಲ್ಲಿ, ಬಾಗಿಲು ಬಾಗಿಲಲ್ಲಿ ನಿಂತು ತಪ್ಪಾಯಿತೆಂದು ಹೇಳಿ, ಮತ್ತೆ ತಪಾಸಣೆಗೆ ಬನ್ನಿ ಎಂದು ಬೇಡಿದೆ. ಎಲ್ಲರೂ ಬಂದರು.

ಒಂದೂವರೆ ವರ್ಷದ ನಂತರ ಅಕ್ಕ ಸೊರಗತೊಡಗಿದರು. ಮಂಗಳೂರಿನಿಂದ ಬರುತ್ತಿದ್ದ ತಜ್ಞರು ಅವರ ಎದೆಯ ಸ್ಕ್ಯಾನು ನೋಡಿ, “ನೀವು ಹೇಳಿದ ಆ ಗಂಟು ಮೊದಲು ಕಂಡಾಗ ತೆಗೆದ ಸ್ಕ್ಯಾನು ಇರ್ಬೇಕಲ್ಲ? ಎಷ್ಟು ಬೆಳೆದಿದೆ ನೋಡೋಣ,” ಎಂದರು. ತರಲು ನಾನು ಎದ್ದೆ.

“ಕೂತ್ಕೋ,” ಎಂದರು ಅಕ್ಕ. “ಅದಿಲ್ಲ.”

ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಹೆಸರು ಯಾರದೆಂದು ನನಗೆ ಆಗ ತಿಳಿಯಿತು.

ಕೊನೆಯ ದಿನಗಳಲ್ಲಿ ಮಂಚದ ಪಕ್ಕ ಕೂತು ಕೇಳಿದೆ: “ಮತ್ತೆ ತೆಗೆಸಬಹುದಿತ್ತಲ್ಲ ಅಕ್ಕ, ಯಾಕೆ ಸುಮ್ಮನಿದ್ರಿ?”

“ಹೆದರಿಕೆ ಮಾರಾಯ್ತಿ. ಅದು ಹೋದದ್ದೇ ಒಳ್ಳೇದಾಯ್ತು ಅನ್ನಿಸ್ತು. ನಿನ್ನಿಂದ ಅಲ್ಲ.”

ನಿಜ ಹೇಳಿದರೋ, ನಾನು ಬದುಕಿಕೊಳ್ಳಲಿ ಎಂದು ಹೇಳಿದರೋ, ಗೊತ್ತಿಲ್ಲ. ಮರುವಾರ ತೀರಿಕೊಂಡರು. ಅವರ ಕಡತ ಮುಚ್ಚುವ ಕೆಲಸ ನನಗೇ ಬಂತು. ಹಿಂದಿನ ತಪಾಸಣೆಯ ವಿವರ ತುಂಬುವಲ್ಲಿ ‘ದಾಖಲೆ ಇಲ್ಲ’ ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿದೆ.