ಕೊಡಕ್ಕೊಂದು ರೂಪಾಯಿ

ಸಿರುಗುಪ್ಪದ ಅಕ್ಕಿ ಗಿರಣಿಗಳ ಕಡೆ ಹಮಾಲರ ಮೇಸ್ತ್ರಿ ಹುಲಿಗೇಶನ ಹೆಸರೆತ್ತಿದರೆ ಯಾರೂ ಅವನ ರಟ್ಟೆಯ ಬಲದ ಮಾತಾಡುವುದಿಲ್ಲ. ಎಪ್ಪತ್ತೈದು ಕಿಲೋ ನೆಲ್ಲಿನ ಚೀಲವನ್ನು ಬೆನ್ನಿಗೇರಿಸುವವರು ಆ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಹುಲಿಗೇಶನ ಹೆಸರು ನಿಂತಿರುವುದು ಬೇರೊಂದು ಗುಣದ ಮೇಲೆ. ಅವನು ಸಾಹುಕಾರರ ಕೋಣೆಗೆ ಒಬ್ಬನೇ ಹೋಗುವವನಲ್ಲ.

ವರ್ಷಕ್ಕೊಮ್ಮೆ, ಹೊಸ ನೆಲ್ಲು ಬರುವ ಮುಂಚೆ, ಚೀಲಕ್ಕೆ ಹಮಾಲಿ ಎಷ್ಟು ಎಂಬ ಮಾತುಕತೆ ನಡೆಯುತ್ತದೆ. ಆಗ ಸಾಹುಕಾರರಿಗೆ ಇದ್ದಕ್ಕಿದ್ದಂತೆ ಮೇಸ್ತ್ರಿಯ ಮೇಲೆ ಅಕ್ಕರೆ ಹುಟ್ಟುತ್ತದೆ. ಅವನೊಬ್ಬನನ್ನೇ ಒಳಗೆ ಕರೆಯುತ್ತಾರೆ, ಕುರ್ಚಿ ಕೊಡುತ್ತಾರೆ, ಹೆಂಡತಿ ಮಕ್ಕಳ ಆರೋಗ್ಯ ವಿಚಾರಿಸುತ್ತಾರೆ. ಹೊರಗೆ ಬಂದಾಗ ಮೇಸ್ತ್ರಿಯ ದನಿ ಮೆತ್ತಗಾಗಿರುತ್ತದೆ. ಹುಲಿಗೇಶ ಮಾತ್ರ ಹದಿನಾರು ವರ್ಷದಿಂದ ತನ್ನ ಮೂವತ್ತೆರಡು ಜನರ ನಡುವೆ ಅಂಗಳದಲ್ಲೇ ನಿಂತು ಮಾತಾಡುತ್ತ ಬಂದಿದ್ದಾನೆ. "ಒಳಗ ಬಾರೋ ಹುಲಿಗೇಶ, ಬಿಸಿಲಾಗ ಯಾಕ ನಿಂತಿ?" ಎಂದು ಗಿರಣಿಯ ಸಾಹುಕಾರ ಚಿದಾನಂದಪ್ಪನವರು ಕರೆದರೆ, "ಎಲ್ಲಾರಿಗೂ ಕುರ್ಚಿ ಹಾಕಸ್ರಿ ಸಾವ್ಕಾರ್ರ, ಬರ್ತೀವಿ" ಎನ್ನುತ್ತಾನೆ. ಅಷ್ಟು ಕುರ್ಚಿ ಚಿದಾನಂದಪ್ಪನವರ ಗಿರಣಿಯಲ್ಲಿಲ್ಲ.

ಈ ಕತೆಯನ್ನು ಅವನು ಮನೆಯಲ್ಲಿ ಎಷ್ಟು ಸಲ ಹೇಳಿದ್ದಾನೆಂದರೆ, ಹತ್ತು ವರ್ಷದ ಮಗ ಪರಶು ಅದನ್ನು ಸಾಹುಕಾರರ ಕೆಮ್ಮಿನ ಸಮೇತ ಅಭಿನಯಿಸಿ ತೋರಿಸುತ್ತಾನೆ. "ಮಂದಿ ಒಡೀಬಾರ್ದು. ಒಬ್ಬಾಂವನ್ನ ಕರದು ಮಾತಾಡಿಸಿದ್ರು ಅಂದ್ರ ಮುಗೀತು ಅಂತ ತಿಳ್ಕೋರಿ" ಎಂದು ಹುಲಿಗೇಶ ಕೊನೆಗೆ ಸೇರಿಸುತ್ತಾನೆ. ಹೊಲವಿಲ್ಲ, ಸ್ವಂತ ಮನೆಯಿಲ್ಲ. ಮಕ್ಕಳಿಗೆ ಬಿಟ್ಟುಹೋಗಲು ಅವನ ಬಳಿ ಇರುವುದು ಈ ಒಂದು ಬುದ್ಧಿಮಾತು, ಮತ್ತು ಅದು ಅವರ ರಕ್ತಕ್ಕೆ ಇಳಿದಿದೆ ಎಂಬ ನಂಬಿಕೆಯಲ್ಲಿ ಅವನು ಬದುಕಿದ್ದ.

ಇಂಥ ಮನೆಗೆ ಆ್ಯಪ್ ಬಂದದ್ದು ಬಳ್ಳಾರಿಯಿಂದ. ಹೆಂಡತಿ ಸರೋಜಾ ಮಹಿಳಾ ಸಂಘದ ಲೆಕ್ಕ ಬರೆಯುವವಳು. ಬಳ್ಳಾರಿಯಲ್ಲಿ ಒಂದು ದಿನದ ತರಬೇತಿಗೆ ಹೋದಾಗ ಊಟ, ಒಂದು ಪೆನ್ನು, ಒಂದು ಬಟ್ಟೆಯ ಚೀಲದ ಜೊತೆ ಇದನ್ನೂ ಫೋನಿಗೆ ಹಾಕಿಕೊಟ್ಟು ಕಳಿಸಿದ್ದರು. ಮನೆಯ ಒಂದೊಂದು ಕೆಲಸಕ್ಕೂ ಅದರಲ್ಲಿ ದರ ಬರೆಯಬೇಕು. ಮಕ್ಕಳು ಕೆಲಸ ಮುಗಿಸಿ ಫೋಟೋ ಹಾಕಬೇಕು, ದೊಡ್ಡವರು ನೋಡಿ ಹಸಿರು ಗುಂಡಿ ಒತ್ತಬೇಕು. ಭಾನುವಾರ ಅದೇ ಕೂಡಿಸಿ ಯಾರಿಗೆ ಎಷ್ಟು ಪಾಕೆಟ್ ಮನಿ ಎಂದು ಹೇಳುತ್ತದೆ. ಇದರಿಂದ ಮಕ್ಕಳಿಗೆ ದುಡ್ಡಿನ ಬೆಲೆಯೂ ದುಡಿಮೆಯ ಗೌರವವೂ ಒಟ್ಟಿಗೆ ಬರುತ್ತವೆ ಎಂದು ತರಬೇತಿ ಕೊಟ್ಟ ಹುಡುಗಿ ಹೇಳಿದಳಂತೆ. ಅವಳಿಗಿನ್ನೂ ಮದುವೆಯಾಗಿರಲಿಲ್ಲ.

ಕಸ ಗುಡಿಸಿದರೆ ಎರಡು, ಪಾತ್ರೆ ತೊಳೆದರೆ ಮೂರು ಎಂದು ಸರೋಜಾ ಬರೆಯುತ್ತ ಹೋದಳು. ನೀರಿನ ಸರದಿ ಬಂದಾಗ ಹುಲಿಗೇಶ ಬಾಯಿ ಹಾಕಿದ. ಅವರ ಓಣಿಗೆ ಮೂರು ದಿನಕ್ಕೊಮ್ಮೆ ಬೆಳಿಗ್ಗೆ ನಳದಲ್ಲಿ ನೀರು ಬರುತ್ತದೆ. ಓಣಿಯ ತುದಿಯಿಂದ ಹೊತ್ತು ತಂದು ಎರಡು ಡ್ರಮ್ಮು ತುಂಬಬೇಕು.

"ದಿನದ ಲೆಕ್ಕ ಬ್ಯಾಡ, ಕೊಡಕ್ಕ ಒಂದು ರೂಪಾಯಿ ಅಂತ ಬರಿ" ಎಂದ. "ದಿನದ ಕೂಲಿ ಅಂದ್ರ ಮಾಲಕರಿಗೆ ಲುಕ್ಸಾನು."

ಸರೋಜಾ ಬರೆದಳು. ಈ ಮನೆಯಲ್ಲಿ ಮಾಲಕರು ಯಾರು ಎಂದು ಯಾರೂ ಕೇಳಲಿಲ್ಲ.

ಎರಡು ತಿಂಗಳು ಎಲ್ಲ ಸುಸೂತ್ರವಾಗಿ ನಡೆಯಿತು. ಆಮೇಲೆ ಒಂದು ಮಂಗಳವಾರ ಸರೋಜಾ ತಂಗಿಯ ಕುಬಸಕ್ಕೆಂದು ಕುರುಗೋಡಿಗೆ ಹೊರಟಳು. ಬಸುರಿ ತಂಗಿ, ಮನೆ ತುಂಬ ನೆಂಟರು, ಭಾನುವಾರದ ತನಕ ಬರುವುದಾಗುವುದಿಲ್ಲ. "ನಿಮ್ಮ ಫೋನಿಗೂ ಆ್ಯಪ್ ಹಾಕೀನಿ, ಹಸಿರು ಗುಂಡಿ ನೀವ ಒತ್ರಿ, ನನಗ ಅಲ್ಲಿ ಪುರಸೊತ್ತು ಇರಂಗಿಲ್ಲ" ಎಂದು ಹೇಳಿ ಬಸ್ಸು ಹತ್ತಿದಳು.

ಅಂದು ಸಂಜೆಯೇ ಎಂಟನೇ ತರಗತಿಯ ಮಗಳು ಅಂಜನಾ ತಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅಪ್ಪನ ಮುಂದೆ ಬಂದಳು.

"ಅಪ್ಪ, ನಾ ಹೊರಾದು ದೊಡ್ಡ ಕೊಡ, ಪರಶು ಹೊರಾದು ಸಣ್ಣದು. ಆ್ಯಪಿನ್ಯಾಗ ಎಲ್ಲಾದಕ್ಕೂ ಒಂದ ರೂಪಾಯಿ ಐತಿ. ದೊಡ್ಡದಕ್ಕ ಎರಡು ಆಗ್ಬೇಕು, ಸಣ್ಣದಕ್ಕ ಒಂದೂವರಿ."

"ಸಣ್ಣದಕ್ಕ ಯಾಕ ಏರಿಸ್ಬೇಕು?"

"ಆಂವ ಸಣ್ಣಾಂವ ಅದಾನ. ಅವಗ ಅದ ದೊಡ್ಡದು."

ಹುಲಿಗೇಶನ ಎದೆ ತುಂಬಿ ಬಂತು. ಅರವತ್ತು ದಾಟಿದ ಹಮಾಲ ಎರ್ರಣ್ಣನ ಪರವಾಗಿ ಹೋದ ವರ್ಷ ಅವನು ಅಂಗಳದಲ್ಲಿ ನಿಂತು ವಾದಿಸಿದ್ದು ಹೆಚ್ಚುಕಡಿಮೆ ಇದನ್ನೇ. ಮಗಳನ್ನು ಎತ್ತಿ ಮುದ್ದಾಡಬೇಕೆನಿಸಿತು. ಆದರೆ ಬಾಯಿಂದ ಬಂದದ್ದು ಬೇರೆ ಮಾತು.

"ಈ ವರ್ಷ ಮಾರ್ಕೆಟ್ ಡಲ್ ಐತವ್ವ."

"ಯಾವ ಮಾರ್ಕೆಟ್?" ಎಂದ ಪರಶು.

"ಒಟ್ಟಾರೆ. ಮುಂದಿನ ತಿಂಗಳು ನೋಡೋಣಂತ. ನೀವೇನು ಹೊರಗಿನವ್ರಾ? ಮನಿ ಮಂದಿ ಇದ್ದಂಗ."

"ಇದ್ದಂಗ ಅಲ್ಲಪ್ಪ" ಎಂದಳು ಅಂಜನಾ, "ಮನಿ ಮಂದೀನ ಅದೀವಿ."

ಅವನು ಆಡಿದ್ದೆಲ್ಲ ಚಿದಾನಂದಪ್ಪನವರ ಮಾತು, ಒಂದಕ್ಷರ ಅತ್ತಿತ್ತ ಇಲ್ಲ. ಹದಿನಾರು ವರ್ಷ ಬಿಸಿಲಲ್ಲಿ ನಿಂತು ಕೇಳಿ ಕೇಳಿ ಅವು ಅವನಿಗೇ ಗೊತ್ತಿಲ್ಲದೆ ಬಾಯಿಪಾಠವಾಗಿದ್ದವು. ಹುಲಿಗೇಶನಿಗೆ ಸ್ವಲ್ಪ ನಾಚಿಕೆಯಾಯಿತು. ಆದರೆ ಆ ಮಾತುಗಳನ್ನು ಕೇಳುವುದಕ್ಕಿಂತ ಆಡುವುದು ಎಷ್ಟೋ ಹಿತ ಎಂಬುದೂ ಅವನ ಗಮನಕ್ಕೆ ಬಂತು.

ಬುಧವಾರ ಬೆಳಿಗ್ಗೆ ನಳ ಬಂದಾಗ ಅಕ್ಕ ತಮ್ಮ ಇಬ್ಬರೂ ಬಾಗಿಲ ಕಟ್ಟೆಯ ಮೇಲೆ ಕೈ ಕಟ್ಟಿಕೊಂಡು ಕೂತರು. ಓಣಿಯ ಹೆಂಗಸರು ನೋಡುತ್ತಿದ್ದಂತೆ ಹದಿನೆಂಟು ಕೊಡ ನೀರನ್ನು ಹುಲಿಗೇಶನೇ ಹೊತ್ತ. ತೊಯ್ದ ಅಂಗಿಯಲ್ಲೇ ಗಿರಣಿಗೆ ಹೋಗಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡ. "ನನ್ನ ಮಕ್ಳು ಸ್ಟ್ರೈಕ್ ಮಾಡ್ಯಾರಲೇ. ನೀರಿಗೆ ಕೈ ಹಚ್ಚಿಲ್ಲ."

"ಮತ್ತ ಏರಿಸಿಬಿಡು" ಎಂದ ಎರ್ರಣ್ಣ. "ವಾರಕ್ಕ ಎಷ್ಟಾಗ್ತೈತಿ, ಮೂವತ್ತು ರೂಪಾಯಿ?"

"ಏರಿಸ್ತೀನಿ. ಕೇಳಿದ ಕೂಡ್ಲೆ ಏರಿಸಿದ್ರ ಕಿಮ್ಮತ್ತು ಇರಂಗಿಲ್ಲ."

ಎರ್ರಣ್ಣ ಅವನ ಮುಖವನ್ನೊಮ್ಮೆ ನೋಡಿ ಬೀಡಿ ಹಚ್ಚಿಕೊಂಡ. ಮೂವತ್ತು ರೂಪಾಯಿಯ ಪ್ರಶ್ನೆ ಅಲ್ಲವೇ ಅಲ್ಲ ಎಂದು ಹುಲಿಗೇಶನಿಗೂ ಗೊತ್ತಿತ್ತು. ಎದುರಿನವರು ಕಟ್ಟೆಯ ಮೇಲೆ ಕೂತು ತಾನು ಸೋಲುವುದನ್ನು ಕಾಯುತ್ತಿದ್ದಾರೆ ಎಂಬುದನ್ನು ಅವನಿಗೆ ಸಹಿಸಲಾಗುತ್ತಿರಲಿಲ್ಲ. ಈ ಸಂಕಟ ಸಾಹುಕಾರರಿಗೂ ಇರುತ್ತದೆಂದು ಅವನು ಹಿಂದೆಂದೂ ಯೋಚಿಸಿರಲಿಲ್ಲ.

ಶುಕ್ರವಾರ ಸಂಜೆ ಅವನು ಅಂಜನಾಳನ್ನು ಬಸ್ ಸ್ಟ್ಯಾಂಡ್ ಹತ್ತಿರದ ಮಿರ್ಚಿ ಭಜಿ ಅಂಗಡಿಗೆ ಕರೆದುಕೊಂಡು ಹೋದ. "ಪರಶು ಬ್ಯಾಡ, ಆಂವ ಹೋಂವರ್ಕ್ ಮಾಡ್ಲಿ" ಎಂದ. ಇದೊಂದು ಪರೀಕ್ಷೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಅವಳು ಒಲ್ಲೆ ಎನ್ನುತ್ತಾಳೆ, ತಟ್ಟೆ ಸರಿಸಿ ಎದ್ದು ನಿಲ್ಲುತ್ತಾಳೆ. ಆಗ ತಾನು ಸೋತು, ಇಬ್ಬರಿಗೂ ಏರಿಸಿ, ನಾಳೆ ಗಿರಣಿಯಲ್ಲಿ ಮೀಸೆ ತಿರುವಿಕೊಂಡು ಈ ಕತೆ ಹೇಳಬೇಕು. ಹೇಗೆ ಹೇಳಬೇಕೆಂಬುದನ್ನೂ ಜೋಡಿಸಿಟ್ಟುಕೊಂಡಿದ್ದ.

ಎರಡು ಪ್ಲೇಟು ಒಗ್ಗರಣೆ ಮಂಡಕ್ಕಿ, ಜೊತೆಗೆ ಬಿಸಿ ಮಿರ್ಚಿ ಬಂತು.

"ನೋಡವ್ವ, ದೊಡ್ಡ ಕೊಡ ಹೊರಾಕಿ ನೀನು, ನಿನ್ನ ಕಷ್ಟ ನನಗ ತಿಳಿತೈತಿ. ನಿನಗ ಎರಡು ಮಾಡ್ತೀನಿ. ಪರಶುಂದು ಒಂದ ಇರ್ಲಿ. ಅವಗ ಹೇಳ್ಬ್ಯಾಡ."

ಅಂಜನಾ ಬಾಯಲ್ಲಿದ್ದುದನ್ನು ನುಂಗಿದಳು, ನೀರು ಕುಡಿದಳು, ಯೋಚಿಸಿದಳು.

"ಇವತ್ತಿಂದನೋ, ಹೋದ ವಾರದಿಂದನೋ?" ಎಂದಳು.

"ಇವತ್ತಿಂದ."

"ಫೋನ್ ಕೊಡು. ನಿನಗ ಮಾಡಾಕ ಬರಂಗಿಲ್ಲ."

ಅವಳೇ ದೊಡ್ಡ ಕೊಡ, ಸಣ್ಣ ಕೊಡ ಎಂದು ಎರಡು ಕೆಲಸ ಮಾಡಿ, ಎರಡು ದರ ಬರೆದು, ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡಳು. ತನ್ನ ಮಿರ್ಚಿ ಮುಗಿದ ಮೇಲೆ ಅವನದ್ದೂ ಕೇಳಿ ತಿಂದಳು. ಹದಿನಾರು ವರ್ಷದಲ್ಲಿ ಚಿದಾನಂದಪ್ಪನವರ ಕೈಲಾಗದ್ದನ್ನು ಅವನು ಅರ್ಧ ತಾಸಿನಲ್ಲಿ ಸಾಧಿಸಿದ್ದ. ಗೆದ್ದವನಿಗೆ ಇಷ್ಟು ದುಃಖವಾಗುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಶನಿವಾರ ನಳ ಬಂತು. ಇಬ್ಬರೂ ನೀರು ಹೊತ್ತರು. "ಅಪ್ಪಗ ಬ್ಯಾಸರಾಗೇತಿ, ಪಾಪ, ಬಿಡು" ಎಂದು ಅಂಜನಾ ತಮ್ಮನಿಗೆ ಹೇಳಿದ್ದಳಂತೆ. ಅಪ್ಪನಿಗೆ ಬೇಸರವಾಗದಿರಲಿ ಎಂದು ಪರಶು ಓಡಿ ಓಡಿ ಒಂಬತ್ತು ಸಣ್ಣ ಕೊಡ ತಂದ. ಬಾಗಿಲ ಹೊಸ್ತಿಲ ಮೇಲೆ ನೀರು ಚೆಲ್ಲಿದ್ದನ್ನು ತಾನೇ ಒರೆಸಿದ. ಅದಕ್ಕೆ ಆ್ಯಪಿನಲ್ಲಿ ದರವೇ ಇರಲಿಲ್ಲ. ಹುಲಿಗೇಶ ಅವನ ಕಡೆ ನೋಡದೆ ಹಸಿರು ಗುಂಡಿ ಒತ್ತಿ ಗಿರಣಿಗೆ ಹೋದ.

ಭಾನುವಾರ ಸರೋಜಾ ಕುಬಸದ ಬುತ್ತಿ ಗಂಟಿನ ಜೊತೆ ಬಂದಿಳಿದಳು. ಕೈಕಾಲು ತೊಳೆದು, ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ವಾರದ ಲೆಕ್ಕ ಓದತೊಡಗಿದಳು.

"ನೀರಿಂದು. ಅಂಜನಾ, ಹನ್ನೆರಡು ಕೊಡ, ಇಪ್ಪತ್ನಾಲ್ಕು ರೂಪಾಯಿ. ಪರಶು, ಒಂಬತ್ತು ಕೊಡ, ಒಂಬತ್ತು ರೂಪಾಯಿ." ಅಲ್ಲಿಗೆ ನಿಲ್ಲಿಸಿ ಗಂಡನ ಕಡೆ ತಿರುಗಿದಳು. "ಇದೇನ್ರೀ, ಎರಡು ರೇಟು ಯಾವಾಗ ಆತು?"

ಹುಲಿಗೇಶ ಡ್ರಮ್ಮಿನ ಕಡೆ ನೋಡಿದ.

"ಶುಕ್ರವಾರ" ಎಂದಳು ಅಂಜನಾ. "ಅಪ್ಪ ನನ್ನ ಒಬ್ಬಾಕಿನ್ನ ಕರಕೊಂಡು ಹೋಗಿ ಮಿರ್ಚಿ ತಿನಿಸ್ಯಾನ." ಹೇಳುವಾಗ ಅವಳ ಮುಖದಲ್ಲಿ ಹೆದರಿಕೆಯಿರಲಿಲ್ಲ, ಸಂಕೋಚವೂ ಇರಲಿಲ್ಲ.

ಸರೋಜಾ ಸಂಘದ ಲೆಕ್ಕ ಬರೆಯುವವಳು, ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. "ನೀವಾ?" ಎಂದಳು ಗಂಡನಿಗೆ. ಅಷ್ಟೇ ಕೇಳಿದಳು. ಅವನಿಗೆ ಅಷ್ಟೇ ಸಾಕಾಯಿತು.

ಈಗ ಪರಶು ಅಳುತ್ತಾನೆ ಎಂದು ಹುಲಿಗೇಶ ಕಾದ. ಅಳಲಿ, ಕೊಡ ಎತ್ತಿ ಒಗೆಯಲಿ, ನಾಡಿದ್ದು ನಳ ಬಂದಾಗ ಮತ್ತೆ ಕಟ್ಟೆಯ ಮೇಲೆ ಕೈ ಕಟ್ಟಿ ಕೂರಲಿ. ಹಾಗಾದರೆ ಮನೆಯಲ್ಲಿ ಒಬ್ಬನಾದರೂ ಒಡೆಯದೆ ಉಳಿದ ಎಂದು ಅವನು ಈಗಿಂದೀಗಲೇ ಎರಡೂ ದರ ಏರಿಸಲು ಸಿದ್ಧನಿದ್ದ. ದೇವರಿಗೆ ಬೇಡಿಕೊಂಡಂತೆ ಮಗನ ಮುಖ ನೋಡುತ್ತ ಕೂತ.

ಪರಶು ಬೆರಳು ಮಡಚಿ ಏನೋ ಲೆಕ್ಕ ಹಾಕಿದ. ಅಕ್ಕನ ಕಡೆ ನೋಡಿದ, ಸಿಟ್ಟೇನೂ ಇಲ್ಲದೆ. ಆಮೇಲೆ ಅಪ್ಪನ ಕಡೆ ತಿರುಗಿದ.

"ನನ್ನ ಯಾವಾಗ ಕರಕೊಂಡು ಹೋಗ್ತೀಯಪ್ಪ?"

ಹುಲಿಗೇಶ ಎದ್ದು ನಿಂತು ಅಂಗಿ ಹಾಕಿಕೊಂಡ. "ಈಗ ನಡಿ. ಅಕ್ಕನ್ನ ಕರಿ, ಅವ್ವನ್ನೂ ಕರಿ. ಎಲ್ಲಾರೂ ಕೂಡೇ ಹೋಗೂಣು" ಎಂದ.

ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದ ಪರಶು ಅಲ್ಲೇ ನಿಂತ.

"ಎಲ್ಲಾರೂ ಹೋದ್ರ ರೇಟು ಏರಂಗಿಲ್ಲಪ್ಪ" ಎಂದ. "ನನ್ನ ಒಬ್ಬನ್ನ ಕರಕೊಂಡು ಹೋಗು."